ಅಡ್ಡ ಎಳೆ

ಬಿಡುಗಡೆ ಪತ್ರದ ಜೆರಾಕ್ಸು ಮೂರು,
ಪಿಂಚಣಿ ಪುಸ್ತಕ, ಎರಡು ಫೋಟೋ,
ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು
ಚಿತ್ರದುರ್ಗದ ಸೈನಿಕ ಕಲ್ಯಾಣ ಕಚೇರಿಯ
ಬೆಂಚಿನ ಮೇಲೆ ಕೂತೆ.
ಗುಮಾಸ್ತ ಮೊಳಕಾಲ್ಮೂರಿನವನು, ಮಗ್ಗದ ಮನೆಯವನು.
‘ನೋಡಿ ಪಾಲಯ್ಯ, ಪೊಲೀಸ್ ಭರ್ತಿ ಅಂದ್ರೆ ಸೀರೆ ಇದ್ದಂಗೆ.
ಜಾತಿ ಹಾಸು, ಉದ್ದಕ್ಕೆ ಬರುತ್ತೆ.
ನೀವು ಹೊಕ್ಕು, ಎಲ್ಲಾ ಎಳೆಗೂ ಅಡ್ಡ ಹಾಯ್ತೀರಿ.
ಅಂಕ ಯಾರೂ ಕೂಡಿಸಿ ಕೊಡಲ್ಲ, ಸುಳ್ಳು ಅದು.
ವಯಸ್ಸು ಬಿಡ್ತಾರೆ, ಸಾಲು ಬೇರೆ ಮಾಡ್ತಾರೆ, ಅಷ್ಟೆ.’
ಮುದ್ರೆ ಒತ್ತಿದ. ಮಸಿ ಕಮ್ಮಿ.
ಅದರ ಮೇಲೇ ಇನ್ನೊಮ್ಮೆ ಒತ್ತಿದ.
ಮಾಜಿ ಸೈನಿಕ ಅನ್ನುವುದು
ತುಸು ಸರಿದು ಎರಡೆರಡಾಗಿ ಮೂಡಿತು.

ಹದಿನೇಳು ವರ್ಷ. ಕೇಳಿದವರಿಗೆಲ್ಲ ಗಡಿ ಅನ್ನುತ್ತೇನೆ.
ಸುಳ್ಳಲ್ಲ, ಗಡಿಯೇ.
ಆದರೆ ನನ್ನ ಕೈಲಿದ್ದದ್ದು ಲಟ್ಟಣಿಗೆ.
ದ್ರಾಸಿನಲ್ಲಿ ಬೆಳಗಿನ ಮೂರಕ್ಕೆ ಎದ್ದು
ಸೀಮೆಎಣ್ಣೆ ಒಲೆಗೆ ಬೆಂಕಿ ಕೊಟ್ಟು
ನೂರಾ ಇಪ್ಪತ್ತು ಜನಕ್ಕೆ ಚಪಾತಿ.
ಮೊಟ್ಟೆ ಕಲ್ಲಾಗಿರುತ್ತಿತ್ತು, ಒಡೆಯಲು ಸುತ್ತಿಗೆ.
ಊರಿನ ಶಾಲೆಗೆ ಆಗಸ್ಟ್ ಹದಿನೈದಕ್ಕೆ ಕರೆದು
ಶಾಲು ಹೊದಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದವು.
ಲಟ್ಟಣಿಗೆಯ ಮಾತು ನಾನು ಎತ್ತಲಿಲ್ಲ.

ಪರೀಕ್ಷೆ ಹೊಳಲ್ಕೆರೆ ರಸ್ತೆಯ ಹೈಸ್ಕೂಲಿನಲ್ಲಿ.
ಗೇಟಿನ ಬಳಿ ಹುಡುಗರ ಅಂಗಿಯ ಉದ್ದ ತೋಳಿಗೆ
ಕತ್ತರಿ ಆಡುತ್ತಿತ್ತು.
ನನ್ನನ್ನು ಕಂಡು ಕಾವಲಿನ ಪೇದೆ
ಯಾರೋ ಸಾಹೇಬರೆಂದು ಎದ್ದು ನಿಂತ.
ಹಾಲ್ ಟಿಕೆಟ್ ತೋರಿಸಿದೆ. ಕೂತ.

ಏಳನೇ ಕ್ಲಾಸಿನವರ ಡೆಸ್ಕು, ಮಂಡಿ ತೂರದು.
ಪಕ್ಕದ ಸಾಲಿನಲ್ಲಿ ದೊಡ್ಡೇರಿಯ ಓಬಳೇಶ
(ಹೆಸರು ಆಮೇಲೆ ತಿಳಿದದ್ದು),
ಇಪ್ಪತ್ತೊಂದರ ಹುಡುಗ,
ಮೈಗೆಲ್ಲ ಚಳ್ಳಕೆರೆ ಎಣ್ಣೆಮಿಲ್ಲಿನ ಹಿಂಡಿ ವಾಸನೆ.
ನನ್ನ ಪೆನ್ನು ಕೈಕೊಟ್ಟಾಗ ಕೇಳದೆಯೇ
ತನ್ನದೊಂದನ್ನು ಉರುಳಿಸಿದ.

ನಲವತ್ತಮೂರನೇ ಪ್ರಶ್ನೆ:
ಜನವಸತಿಯಿರುವ ಈ ಊರುಗಳಲ್ಲಿ ಅತಿ ಶೀತದ್ದು ಯಾವುದು?
ಮೂರನೇ ಆಯ್ಕೆ ಓದುತ್ತಲೇ
ಬೆರಳ ತುದಿ ಮರಗಟ್ಟಿತು.
ಉಳಿದ ತೊಂಬತ್ತೊಂಬತ್ತನ್ನು
ಓದಿದ್ದೋ ಊಹಿಸಿದ್ದೋ ಬರೆದೆ;
ಇದೊಂದನ್ನು ಮೈಯೇ ಬರೆಯಿತು.

ಓಬಳೇಶನ ಪತ್ರಿಕೆಯ ಸರಣಿ ಬೇರೆ.
ಅವನಿಗೆ ಅದು ಬಂದದ್ದು ಕೊನೆಯ ಹತ್ತು ನಿಮಿಷದಲ್ಲಿ.
ತುಟಿ ಮಾತ್ರ ಅಲ್ಲಾಡುತ್ತಿತ್ತು, ಪಿಸುಪಿಸು:
ಗುಲ್ಮಾರ್ಗ... ದ್ರಾಸ್... ಗುಲ್ಮಾರ್ಗ...
ದ್ರಾಸ್ ಅಂದಾಗ ನಾನೊಮ್ಮೆ ಕೆಮ್ಮಿದ್ದರೆ ಸಾಕಿತ್ತು.
ಕೆಮ್ಮು ನಿಜವಾಗಿಯೂ ಬಂದಿತ್ತು, ಗಂಟಲ ತನಕ.
ಅವನ ಪೆನ್ನು ನನ್ನ ಕೈಲಿತ್ತು.
ನುಂಗಿಕೊಂಡೆ.
ಪೊಲೀಸಾಗಲು ಬಂದವನೆಂಬ ನಾಚಿಕೆಗೋ,
ಬೇರೆ ಕೋಣೆಗಳ ಸಾವಿರ ಹುಡುಗರನ್ನು ನೆನೆದೋ,
ಬರೀ ಹೆದರಿಕೆಗೋ,
ಇವತ್ತಿಗೂ ದಿನಕ್ಕೊಂದು ಉತ್ತರ ಹೊಳೆಯುತ್ತದೆ.

ಹೊರಗೆ ಒಂದೇ ಕಾಗದದಲ್ಲಿ
ಮಂಡಕ್ಕಿ ತಿಂದೆವು, ನಂಬರು ಬರೆದುಕೊಂಡೆವು.

ಪಟ್ಟಿ ಬಂದಾಗ ಆಷಾಢದ ಗಾಳಿ.
ಅವನಿಗೆ ಎಪ್ಪತ್ತೊಂದೂ ಮುಕ್ಕಾಲು.
ಅವನ ಸಾಲು ನಿಂತದ್ದು ಎಪ್ಪತ್ತೆರಡೂವರೆಗೆ.
ನನಗೆ ಐವತ್ತನಾಲ್ಕು. ನನ್ನ ಸಾಲಿಗೆ ಅದೇ ಹೆಚ್ಚು.
ಸರಿಗೆ ಒಂದು, ತಪ್ಪಿಗೆ ಕಾಲು ಕಡಿತ;
ಕೆಮ್ಮಿನ ಬೆಲೆ ಒಂದೂಕಾಲು ಅಂಕ.
ಲೆಕ್ಕ ಹಾಕಬಾರದಿತ್ತು. ಹಾಕಿದೆ.

ಅವನೇ ಫೋನ್ ಮಾಡಿದ.
‘ಅಣ್ಣ, ಆ ಚಳಿ ಊರಿಂದು ಏನು ಹಾಕಿದ್ರಿ?’
ದ್ರಾಸ್ ಅಂದೆ.
‘ನೋಡಿದ್ರಾ ಅದನ್ನ?’
ಅಲ್ಲೇ ಅಡುಗೆ ಮಾಡ್ತಿದ್ದೆ ಅಂದೆ.
ಯಾರಿಗೂ ಹೇಳದ ಮಾತು, ಅವನಿಗೆ ಹೇಳಿಬಿಟ್ಟೆ.
ತುಸು ಹೊತ್ತು ಮಿಲ್ಲಿನ ಸದ್ದು.
‘ಅದಕ್ಕೇ ಮತ್ತೆ’ ಎಂದು ನಕ್ಕ.
ಮುಂದಿನ ಭರ್ತಿ ಯಾವಾಗಂತೆ ಎಂದು ಕೇಳಿದ.

ಈಗ ಐಮಂಗಲದ ತರಬೇತಿ ಶಾಲೆ.
ಕವಾಯತು ಕಲಿಸುವವನು ನನಗಿಂತ ಒಂಬತ್ತು ವರ್ಷ ಚಿಕ್ಕವನು,
‘ಸರ್’ ಅನ್ನುತ್ತೇನೆ, ಅವನಿಗೂ ಮುಜುಗರ.
ಮೆಸ್ಸಿನ ಚಪಾತಿಯ ಅಂಚು ಹಸಿ.
ಬೆಳಗಿನ ಐದರ ಓಟದಲ್ಲಿ,
ಗಾಳಿಗಿರಣಿಗಳ ಗುಡ್ಡದ ಕಡೆಯಿಂದ
ಒಣಗಾಳಿ ಬೀಸಿದಾಗ ಕೆಮ್ಮು ಬರುತ್ತದೆ.
ಸಾಲು ತಪ್ಪಿಸದೆ
ಬಾಯ್ತುಂಬ ಕೆಮ್ಮುತ್ತೇನೆ.