ಒಂದು ದೋಣಿಗೆ ಮೂರು ಹೆಸರು

ಸೋಮವಾರ ಪೊಲೀಸರ ಮುಂದೆ ಹೇಳಿದೆ:
ನಾನು ಮೂರು ವರ್ಷ ನೆಲ ಮೆಟ್ಟಿಲ್ಲ.
ಮಂಗಳವಾರ ಕಾರ್ಮಿಕ ಇಲಾಖೆಯ ಕಿಟಕಿಯಲ್ಲಿ ಹೇಳಿದೆ:
ನಾನು ಮೂರು ವರ್ಷ ನೆಲ ಮೆಟ್ಟಿಲ್ಲ.
ಬುಧವಾರ ಆಸ್ಪತ್ರೆ, ಗುರುವಾರ ವಲಸೆ ಕಚೇರಿ,
ಶುಕ್ರವಾರ ಮೀನುಗಾರಿಕೆಯವರು, ಅವರ ಫ್ಯಾನು ಕೆಟ್ಟಿತ್ತು,
ಬೆವರೊರೆಸುತ್ತ ಹೇಳಿದೆ, ನಾನು ಮೂರು ವರ್ಷ.

ನಾನೆಂದರೆ ನಾನಲ್ಲ.
ನಾನು ಮಿ ಸೋಂಟಾವ್, ದುಭಾಷಿ,
ರನೋಂಗ್ ಬಂದರಿನ ಹಿಂದಿನ ಓಣಿಯವಳು,
ಬೆಳಗಾದರೆ ನೆಲ ಮೆಟ್ಟಿಯೇ ನೀರು ತರುವವಳು.
ಆ ನಾನು ಪಕ್ಕದ ಕುರ್ಚಿಯ ಸೇಕ್‌ಚಾನ್.
ಅವನು ಮೋನ್ ಮಾತಲ್ಲಿ ಅಂದದ್ದನ್ನು
ಥಾಯ್ ಮಾಡಿ ಮೇಜಿನ ಮೇಲಿಡುವುದು ನನ್ನ ಕಸುಬು.

ಆಚೆ ದಡದಿಂದ ಈಚೆಗೆ ಅರ್ಧ ಗಂಟೆಯ ನೀರು.
ಅನಾನಸ್ ಕಾರ್ಖಾನೆ ಅಂದಿದ್ದರಂತೆ.
ಕಡಲ ಮೇಲೆ ಅನಾನಸ್ ಎಲ್ಲಿ ಬೆಳೆಯುತ್ತದೆ
ಎಂದು ಕೇಳಿದ್ದಕ್ಕೆ ಮೊದಲ ಏಟು.

ಐದು ಇಲಾಖೆ, ಐದು ನಮೂನೆ ಅರ್ಜಿ.
ಪೊಲೀಸರಿಗೆ ಬೇಕಾದ್ದು ಹೊಡೆದವರು ಯಾರು,
ಕಾರ್ಮಿಕದವರಿಗೆ ಕೊಡದೆ ಉಳಿದ ಸಂಬಳವೆಷ್ಟು,
ವಲಸೆಯವರಿಗೆ ಬಂದದ್ದು ಯಾವ ಕಾಗದದ ಮೇಲೆ.
ನರ್ಸ್ ಲಮೈ ಒಬ್ಬಳೇ ಕೇಳಿದ್ದು
ಬೆರಳೆಲ್ಲಿ ಹೋಯಿತು ಎಂದು.
ಏರಿಗೊಬ್ಬರು, ನೀರಿಗೊಬ್ಬರು.
ನಡುವೆ ನೊಗ ಹೊತ್ತ ಕುತ್ತಿಗೆ ಯಾರು ನೋಡಿದರು?

ಐದನೆಯ ಸಲಕ್ಕೆ ಅವನ ಕಥೆ
ಸವೆದ ನಾಣ್ಯದ ಹಾಗೆ ನುಣ್ಣಗಾಗಿತ್ತು.
ಇವನು ಉರು ಹೊಡೆದಿದ್ದಾನೆ, ಅಂದರು ಯಾರೋ.
ಅದನ್ನು ನಾನು ಅವನಿಗೆ ದಾಟಿಸಲಿಲ್ಲ.
ಹದಿನಾಲ್ಕು ವರ್ಷದಲ್ಲಿ
ನಾನು ನುಂಗಿದ ಮೊದಲ ವಾಕ್ಯ.

ಆಮೇಲೆ ನಾನೇ, ನನ್ನದೇ ನಾನು, ಎದ್ದು ನಿಂತು ಅಂದೆ:
ಒಂದು ಮೇಜು ಸಾಕು. ಒಂದು ಸಲ ಹೇಳಲಿ. ಎಲ್ಲರೂ ಕೇಳಿ.
ದುಭಾಷಿಗೂ ಸ್ವಂತ ಬಾಯಿರುವುದು ಕಂಡು
ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ನೋಡಿದರು.

ಮೂರು ವಾರ ಹಿಡಿಯಿತು ಆ ಮೇಜಿಗೆ.
ಯಾರ ಕಚೇರಿಯಲ್ಲಿ, ಯಾರ ಸಹಿ ಮೊದಲು,
ಚಹಾದ ಖರ್ಚು ಯಾವ ಲೆಕ್ಕಕ್ಕೆ.
ಕೊನೆಗೆ ಆಸ್ಪತ್ರೆಯ ಬಟ್ಟೆ ಮಡಿಸುವ ಕೋಣೆ,
ಇಸ್ತ್ರಿಯ ಬಿಸಿ ವಾಸನೆ,
ಎಲ್ಲರ ಮೊಣಕೈ ಎಲ್ಲರಿಗೂ ತಾಗುವಷ್ಟು ಇಕ್ಕಟ್ಟು.

ಸೇಕ್‌ಚಾನ್ ಈ ಸಲ ತನ್ನ ಕಥೆ ಹೇಳಲಿಲ್ಲ.
ಬಾನ್ಯಾ ಇನ್ನೂ ಅಲ್ಲಿದ್ದಾನೆ, ಅಂದ.
ಹತ್ತೊಂಬತ್ತು ವರ್ಷ. ಈಜು ಬರುವುದಿಲ್ಲ.
ಯಾವ ದೋಣಿ?
ಹೆಸರು ಓದಲು ಬಾರದು. ಮೂತಿಯ ಬಲಕ್ಕೆ
ತಗಡಿನ ತೇಪೆ, ಕುಡಿ ಬಾಳೆಲೆಯಷ್ಟು.
ಮೊಳೆ ಹೊಡೆದದ್ದು ನಾವಿಬ್ಬರೇ.

ಮೀನುಗಾರಿಕೆಯವರ ಪುಸ್ತಕದಲ್ಲಿ ‘ಭಾಗ್ಯವೃದ್ಧಿ’,
ಹೋದ ವರ್ಷ ಮುಳುಗಿದ್ದು.
ಕಾರ್ಮಿಕದವರಲ್ಲಿ ‘ಅಮ್ಮನ ವರ’,
ಆಳು ನಾಲ್ವರು, ಸಂಬಳ ಸರಿಯಾಗಿ ಪಾವತಿ.
ಪೊಲೀಸರಲ್ಲಿ ‘ಒಂಬತ್ತನೇ ಅಲೆ’,
ಕಳ್ಳ ಡೀಸೆಲ್, ದಂಡ ಕಟ್ಟಿ ಬಿಡುಗಡೆ.
ಮೂರು ಫೋಟೋ ಮೇಜಿನ ಮೇಲೆ ಒತ್ತೊತ್ತಿಗೆ ಬಂದವು.
ಮೂರಕ್ಕೂ ಒಂದೇ ತೇಪೆ.
ಯಾರೂ ಮಾತಾಡಲಿಲ್ಲ. ಆ ಮೌನವನ್ನು
ಯಾವ ಭಾಷೆಗೂ ತಿರುಗಿಸಬೇಕಿರಲಿಲ್ಲ ನಾನು.

ಹನ್ನೊಂದು ದಿನದ ಮೇಲೆ ಎಳೆದು ತಂದರು ದೋಣಿಯನ್ನು.
ಇಳಿದವರು ಒಂಬತ್ತು ಮಂದಿ.
ನೆಲ ಮುಟ್ಟಿದೊಡನೆ ಓಲಾಡಿದರು, ಕುಡಿದವರಂತೆ.
ಸೇಕ್‌ಚಾನ್ ಒಂಬತ್ತೂ ಮುಖ ನೋಡಿದ,
ಮತ್ತೆ ಮೊದಲಿನಿಂದ ನೋಡಿದ.
ಬಾನ್ಯಾನನ್ನು ನಡುಕಡಲಲ್ಲೇ ಬೇರೆ ದೋಣಿಗೆ ದಾಟಿಸಿದರು,
ಅಂದ ಅವರಲ್ಲೊಬ್ಬ. ಅದಕ್ಕೆಷ್ಟು ಹೆಸರೋ.
ಇನ್ಸ್‌ಪೆಕ್ಟರ್ ಪೆನ್ನು ತೆಗೆದರು.
ಲಮೈ ಆ ಕೈ ಮೇಲೆ ಕೈಯಿಟ್ಟಳು:
ಮೊದಲು ಗಂಜಿ.

ರಾತ್ರಿ ಮಗಳು ಕೇಳಿದಳು, ಅಮ್ಮಾ, ಇವತ್ತೇನಾಯಿತು?
ನಾನು, ಅಂದೆ. ಆಮೇಲೆ ಸುಮ್ಮನಾದೆ,
ಯಾರ ನಾನು ಎಂದು ಒಂದು ಗಳಿಗೆ ತಿಳಿಯದೆ.
ಗುರುವಾರ ಮತ್ತೆ ಇಸ್ತ್ರಿ ಕೋಣೆ.
ಈ ಸಲ ಹುಡುಕಬೇಕಾದ ದೋಣಿಗೆ
ತೇಪೆಯೂ ಇಲ್ಲ.