ಕೆಳಗಿನ ಮೂಲೆಯಿಂದ

ಎಡಗಾಲು ಸೋರುತ್ತಿದೆ, ಎಂದೆ.
ಯಾರದು, ಎಂದ ಮೊಖೇಥಿ ಕಂಬಳಿಯೊಳಗಿಂದ.
ಗಾಡಿಯದು. ಮುಂದಿನ ಫೋರ್ಕು.
ಎಣ್ಣೆ ಜಿನುಗಿ ಜಿನುಗಿ ಬ್ರೇಕಿನ ತಟ್ಟೆಗೇ ಇಳಿದಿದೆ.
ನಿನ್ನೆ ಸೆಮೊಂಕಾಂಗ್ ಇಳಿಜಾರಿನಲ್ಲಿ ಹಿಡಿದರೆ ಹಿಡಿಯಲಿಲ್ಲ;
ಕುರಿಗಳೇ ದೊಡ್ಡ ಮನಸ್ಸು ಮಾಡಿ ದಾರಿ ಬಿಟ್ಟವು.
ಹಿಂದಿನ ಪೆಟ್ಟಿಗೆಯಲ್ಲಿ ಹನ್ನೊಂದು ಜನರ ಕಫ, ಆರು ಜನರ ರಕ್ತ,
ಸೀಸೆಗೊಂದು ಹೆಸರು.
ಒಡೆದಿದ್ದರೆ ಯಾರ ಯಾರ ಮನೆಗೆ ಹೋಗಿ
ಇನ್ನೊಂದು ಸಲ ಕೆಮ್ಮಿ ಕೊಡಮ್ಮಾ ಎನ್ನಲಿ?

ಹೋದ ತಿಂಗಳೂ ಹೀಗೇ ಆಗಿತ್ತು.
ಸೀಲಿನ ತುಟಿಗೆ ಧೂಳು ಕಚ್ಚಿಕೊಂಡಿರುತ್ತೆ, ಎಂದಿದ್ದ,
ತೆಳ್ಳಗಿನದೇನಾದರೂ ತೂರಿಸಿ ಸುತ್ತ ಗೀರಿ ತೆಗೆ.
ಹದಿನೇಳು ವರ್ಷ ಗಣಿಯೊಳಗೆ ಬಂಡೆ ಕೊರೆವ ಯಂತ್ರಗಳಿಗೆ
ಸೀಲು ಹಾಕಿದವನು; ಧೂಳಿನ ದಾರಿಯೆಲ್ಲ ಅವನಿಗೆ ಬಾಯಿಪಾಠ.
ಮನೆಯೆಲ್ಲ ತಡಕಾಡಿದೆ.
ತೆಳ್ಳಗೆ, ಗಟ್ಟಿಯಾಗಿ, ಬಾಗುವಂಥದ್ದು ಒಂದೇ ಇತ್ತು:
ಟ್ರಂಕಿನ ತಳದಲ್ಲಿ ಅವನ ಎದೆಯ ಎಕ್ಸ್‌ರೇ.

ಕತ್ತರಿ ಹಿಡಿದು ನಿಂತೇ ಇದ್ದೆ.
ಅವನೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.
ಪಕ್ಕೆಲುಬುಗಳ ಸಂದಿನಲ್ಲಿ ಬಿಳಿ ಬಿಳಿ ಚುಕ್ಕೆ,
ಯಾರೋ ಹಿಟ್ಟು ಜರಡಿ ಹಿಡಿದಂತೆ.
ಕೆಳಗಿನ ಮೂಲೆಯಿಂದ ಕತ್ತರಿಸು, ಎಂದ,
ಅಲ್ಲಿ ನಾನಿಲ್ಲ.

ಒಂದು ತಿಂಗಳು ನಡೆಯಿತು.
ಈಗ ತುಟಿಯೇ ಹರಿದಿದೆ, ಗೀರಿ ಏನು ಫಲ.
ಬಿಡಿಭಾಗದ ಅಂಗಡಿ ಮಸೇರುವಿನಲ್ಲಿ, ಘಾಟಿ ಹಿಮದಲ್ಲಿ.
ಹೊಸ ಸೀಲು ಮಾತ್ರ ಬಂತು ಟ್ಯಾಕ್ಸಿಯವನ ಜೇಬಿನಲ್ಲಿ ಕೂತು,
ಹಸುಗೂಸಿಗೆ ತೊಡಿಸುವ ಕರಿಬಳೆಯಂಥವು, ಎರಡು.
ಹತಾರ ಬರಲಿಲ್ಲ. ಹತಾರವೆಂದರೆ ಹೀಗೆ:
ಗಾಡಿಯ ಹೊಟ್ಟೆಗೆ ಆನಿಕೆಯಾಗಿ ಬಿಯರ್ ಕ್ರೇಟು.
ಒಳಗೇ ಸುಮ್ಮನೆ ತಿರುಗುವ ಸರಳನ್ನು ಹಿಡಿಯಲು
ಪೊರಕೆಯ ಹಿಡಿ, ತುದಿ ಕೆತ್ತಿ ಬಡಿದು ಕೂರಿಸಿದ್ದು.
ಬೀಗದುಂಗುರ ಎಬ್ಬಿಸಲು ಮುರಿದ ಕೊಡೆಯ ಕಡ್ಡಿ.
ಹಳೆ ಸೀಲು ಮೀಟಲು ಸೌಟು. ಅದು ಬಾಗಿತು;
ಇನ್ನು ಆ ಸೌಟಲ್ಲಿ ಗಂಜಿ ಬಡಿಸಿದರೆ
ಪಕ್ಕದವರ ತಟ್ಟೆಗೇ ಬೀಳುತ್ತದೆ.

ಸುರಿದ ಎಣ್ಣೆ ಬೂದಿನೀರಿನ ಬಣ್ಣ, ಕೊಳೆತ ಮೀನಿನ ನಾತ.
ಲಿಪುವೊ ಮೂಗು ಮುಚ್ಚಿಕೊಂಡೇ ಕೇಳಿದಳು,
ಅಮ್ಮಾ, ನನ್ನ ಉಗುರುಬಣ್ಣ ಯಾಕೆ ತಗೊಂಡೆ?
ಕೊಳವೆಯ ಮೇಲೆ ತುಕ್ಕು ತಿಂದ ಗುಳಿ, ಸಾಸಿವೆಯಷ್ಟು.
ಹನಿ ತುಂಬಿ, ಒಣಗಿಸಿ, ನುಣ್ಣಗೆ ಉಜ್ಜಿದೆ.
ನಮ್ಮ ಗಾಡಿಗೆ ಈಗ ಒಂದು ಕೆಂಪು ಉಗುರಿದೆ.

ಸೀಲುಗಳನ್ನು ಹೊಸ್ತಿಲಾಚೆ ಹಿಮದಲ್ಲಿಟ್ಟೆ, ಕುಗ್ಗಲಿ ಎಂದು.
ಫೋರ್ಕಿನ ಕಾಲಿಗೆ ಹೊರಗಿಂದ ಕುದಿನೀರು, ಹಿಗ್ಗಲಿ ಎಂದು.
ಆ ಒಂದು ಗಳಿಗೆಯಲ್ಲೇ ಕೆಲಸ ಆಗಬೇಕು.
ನೀರಿನ ಪೈಪಿನ ತುಂಡು ಮೇಲಿಟ್ಟು ಸುತ್ತಿಗೆ ಎತ್ತಿದೆ.
ತಡಿ, ಎಂದ ಮೊಖೇಥಿ. ಎದ್ದು ಬಂದ.
ಹಾಸಿಗೆಯಿಂದ ಇಲ್ಲಿಗೆ ಏಳು ಹೆಜ್ಜೆ, ಎರಡು ಸಲ ನಿಂತ.
ಬಡಿಯಲಾರ. ಡ್ರಿಲ್ಲಿನ ಸದ್ದಿಗೆ ಕಿವಿಯೂ ಅರ್ಧ ಹೋಗಿದೆ.
ಬಿಸಿ ಕಾಲಿನ ಮೇಲೆ ಅಂಗೈ ಊರಿದ, ನಾಡಿ ನೋಡುವವನಂತೆ.
ತಟ್ಟು.
ಸುತ್ತಲೂ ತಟ್ಟು, ಒಂದೇ ಕಡೆ ಅಲ್ಲ.
ಮೆತ್ತಗಿದೆ. ಇನ್ನೂ ಮೆತ್ತಗಿದೆ.
ಈಗ
ನನಗೂ ಕೇಳಿಸಿತು, ಟೊಪ್ ಟೊಪ್ ಎನ್ನುತ್ತಿದ್ದದ್ದು
ಟಣ್ ಎಂದಿತು.
ಅವನ ಅಂಗೈಗೆ ಮೊದಲೇ ಗೊತ್ತಾಗಿತ್ತು.
ಕೂತಿತು, ಎಂದ. ತಾನೂ ಕ್ರೇಟಿನ ಪಕ್ಕ ಕೂತ.

ಅಂಚು ತಾಗಿ ಹೊಸ ತುಟಿ ಹರಿಯದಿರಲೆಂದು
ಕೊಳವೆಯ ಬಾಯಿಗೆ ಬ್ರೆಡ್ಡಿನ ಪ್ಲಾಸ್ಟಿಕ್ಕು ಸುತ್ತಿ ಇಳಿಸಿದೆ.
ಸೂಜಿಯಿಲ್ಲದ ಸಿರಿಂಜಿನಲ್ಲಿ ಎಣ್ಣೆ, ಎಂಟು ಸಲ.
ಏಳೋ ಎಂಟೋ ಎಂದು ಲಿಪುವೊ ಜೊತೆ ಜಗಳವಾಗಿ
ಎಲ್ಲ ಬಗ್ಗಿಸಿ ಮತ್ತೆ ಮೊದಲಿಂದ ಅಳೆದೆವು.
ಅಷ್ಟರಲ್ಲಿ ಕತ್ತಲಾಯಿತು.

ಬೆಳಿಗ್ಗೆ ಹ್ಯಾಂಡಲ್ ಹಿಡಿದು ಹತ್ತು ಸಲ ಅದುಮಿದೆ.
ಫೋರ್ಕು ಉಸಿರೆಳೆದು ಬಿಟ್ಟಿತು, ಒಂದಿಷ್ಟೂ ಗೊರಗುಟ್ಟದೆ.
ಅವನು ಬಾಗಿಲಲ್ಲಿ ನಿಂತು ಅದನ್ನೇ ನೋಡಿದ.
ಕಾಗದದಲ್ಲಿ ಒರೆಸಿದೆ. ಒಣಗಿತ್ತು.

ಇವತ್ತು ಪೆಟ್ಟಿಗೆಯಲ್ಲಿ ಒಂಬತ್ತು ಸೀಸೆ.
ಒಂದರ ಮೇಲೆ ಅವನ ಹೆಸರು, ನನ್ನ ಅಕ್ಷರ.
ಅದನ್ನು ನಡುವೆ ಇಟ್ಟು ಸುತ್ತ ಉಣ್ಣೆ ತುರುಕಿದ್ದೇನೆ.
ಕಿಕ್ಕರ್ ಒದ್ದೆ. ತಿರುಗಿ ನೋಡಿದರೆ
ಕೂಗಲು ಉಸಿರು ಸಾಲದೆ, ಹಿಮದೊಳಗಿಂದ
ಉಳಿದೊಂದು ಕರಿಬಳೆ ಹೆಕ್ಕಿ ಬೆರಳಿಗೆ ಸಿಕ್ಕಿಸಿ
ಎತ್ತಿ ತೋರಿಸುತ್ತಿದ್ದಾನೆ:
ಬಲಗಾಲು.