ಮೊದಲು ನೆಲಕ್ಕೆ

ಎಲ್ಕೋ ಊರಿನ ಶೂಟಿಂಗ್ ರೇಂಜು. ದೀಪ ಆರಿಸಿ
ವರ್ಲೀನ್ ಅಂದಳು: ಗುಂಡಿ ಮೊದಲು, ಗುಂಡಲ್ಲ.
ಪಿಸ್ತೂಲಿನ ನಳಿಕೆಯಡಿ
ಎಡ ಹೆಬ್ಬೆರಳು ತಡಕಾಡಿತು;
ತೋರುಬೆರಳು ಹೊರಗೇ, ಲೋಹಕ್ಕೊರಗಿ ಬೆವರುತ್ತಿತ್ತು.

ಫಳ್ಳನೆ ಬೆಳಕು. ಕಾಗದದ ಮನುಷ್ಯ.
ಅವನ ಕೈಯಲ್ಲಿದ್ದದ್ದು ಫೋನು.

"ನೋಡಿದ್ದಕ್ಕೆಲ್ಲ ಗುರಿಯಿಟ್ಟೆಯಲ್ಲ!
ನೆಲಕ್ಕೆ ಹಿಡಿ. ಚೆಲ್ಲಿದ ಬೆಳಕೇ ಸಾಕು
ಮುಖ ಕಾಣಲು."

ಎಂಟು ವಾರ. ಬೆರಳು ಕಲಿತವು.

ನಿನ್ನೆ ಮೋಟೆಲಿನ ಹಿಂದೆ, ರಾತ್ರಿಪಾಳಿ,
ಐಸ್ ಯಂತ್ರದ ಬಳಿ ಏನೋ ಸರಿದ ಸದ್ದು.
ಸೊಂಟಕ್ಕೆ ಹೋದ ಕೈ
ಅಲ್ಲೇ ತುಸು ನಿಂತು
ಜೇಬಿನಿಂದ ಎರಡು ಡಾಲರಿನ ಟಾರ್ಚು ತೆಗೆಯಿತು.

ಹನ್ನೊಂದನೇ ರೂಮಿನ ಮುದುಕ, ಬರಿಗಾಲು,
ಬಕೆಟ್ಟಿನ ತುಂಬ ಐಸು.
"ಆರಿಸಮ್ಮಾ, ಕಣ್ಣು ಕುಕ್ಕುತ್ತೆ!"

ಆರಿಸಿದೆ.
ಕತ್ತಲಲ್ಲಿ ಐಸು ಕಟಕಟಿಸುತ್ತ
ಬಾಗಿಲವರೆಗೂ ಬೈಯುತ್ತ ಹೋಯಿತು.